ಗೋಡೆ ನಿಮ್ಮದು, ಮೊಳೆ ಅವರದು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ತಕರಾರಿನವು. ನನಗೆ ಹಿಡಿಸಿದ್ದು ಅವರಿಗೆ ಹಿಡಿಸೋದಿಲ್ಲ, ಅವರಿಗೆ ಹಿಡಿಸಿದ್ದು ನನಗೆ ಹಿಡಿಸೋದಿಲ್ಲ, ಮನೆ ಮಾತ್ರ ಒಂದೇ. ಓದುತ್ತಾ ನನಗೆ ನಮ್ಮ ಅಂಗಡಿ ನೆನಪಾಯಿತು. ಮೈಸೂರಿನಲ್ಲಿ 28 ವರ್ಷ ಪರದೆ, ಸೋಫಾ ಕವರ್ ಹೊಲಿಸಿಕೊಡುವ ಅಂಗಡಿ ನಡೆಸಿದವಳು ನಾನು. ಒಬ್ಬರೇ ಬಂದರೆ ಕಾಲು ಗಂಟೆಯಲ್ಲಿ ಬಟ್ಟೆ ಆರಿಸಿ ಹೋಗುತ್ತಿದ್ದರು. ಗಂಡ ಹೆಂಡತಿ ಜೋಡಿಯಾಗಿ ಬಂದರೆ ನಮ್ಮ ಟೈಲರ್ ಟೇಪು ಕೆಳಗಿಟ್ಟು ಬೀಡಿ ಸೇದಲು ಹೊರಗೆ ಹೋಗುತ್ತಿದ್ದ. ಇನ್ನೊಂದು ಗಂಟೆ ತನಗೆ ಕೆಲಸವಿಲ್ಲ ಅಂತ ಅವನಿಗೆ ಗೊತ್ತು.

ಹಾಗಾಗಿ ಈ ಸಂಚಿಕೆಯಲ್ಲಿ ಈ ಪತ್ರಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಗೆದ್ದಲು, ಸಿಂಕಿನ ವಾಸನೆ, ಪರದೆ ಒಗೆಯುವುದರ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಮೇಡಂ, ನಮ್ಮ ಮದುವೆಯಾಗಿ ಎರಡು ವರ್ಷ. ಹೋದ ತಿಂಗಳು ಜೆ.ಪಿ. ನಗರದಲ್ಲಿ ಸ್ವಂತ ಫ್ಲ್ಯಾಟ್‌ಗೆ ಬಂದೆವು. ಎರಡು ಬೆಡ್‌ರೂಮ್, 1,080 ಚದರ ಅಡಿ. ನಾನು ಮಂಗಳೂರಿನವಳು. ನನಗೆ ಬಿಳಿ ಗೋಡೆ, ಖಾಲಿ ಜಾಗ, ಒಂದೆರಡು ಗಿಡ ಇದ್ದರೆ ಸಾಕು. ಕಣ್ಣಿಗೆ ತಂಪಾಗಿರಬೇಕು. ಗೋಡೆಯ ಮೇಲೆ ಏನೂ ಇಲ್ಲದಿದ್ದರೆ ಇನ್ನೂ ಸಂತೋಷ. ನನ್ನವರು ಗದಗಿನ ಕಡೆಯವರು. ಊರಿನ ಹಳೆಯ ಮನೆ ಕೆಡವಿದಾಗ ಟೆಂಪೋ ತುಂಬಾ ಸಾಮಾನು ತಂದರು. ಅಜ್ಜನ ತೇಗದ ಬೆಂಚು, ಗಂಟೆ ಹೊಡೆಯುವ ಗಡಿಯಾರ, ಅಜ್ಜಿ ಹೊಲಿದ ಮೂರು ಕೌದಿ, ನವಲಗುಂದದ ಜಮಖಾನೆ, ಎರಡು ಬಿದ್ರಿ ಹೂದಾನಿ, ಕಟ್ಟು ಹಾಕಿಸಿದ ಹಳೆಯ ಫೋಟೋ ಹದಿನಾಲ್ಕು, ಹಿತ್ತಾಳೆಯ ಕೊಡ ಚರಿಗೆ ದೀಪ ಸೇರಿ ಇಪ್ಪತ್ತಮೂರು. ಎಲ್ಲವೂ ಹಾಲ್‌ನಲ್ಲೇ ಇರಬೇಕಂತೆ. ಬೇಡ ಅಂದರೆ "ನಮ್ಮ ಮನಿತನ ನಿನಗ ಬ್ಯಾಡೇನು?" ಅಂತಾರೆ. ಶನಿವಾರ ಪೂರ್ತಿ ಇವನ್ನೆಲ್ಲ ಒರೆಸುವುದರಲ್ಲೇ ಹೋಗುತ್ತದೆ. ಬಿದ್ರಿ ಹೂದಾನಿಯನ್ನು ಹಿತ್ತಾಳೆ ತಿಕ್ಕುವ ಪುಡಿ ಹಾಕಿ ಉಜ್ಜಿದೆ, ಹೊಳೆಯುವ ಬದಲು ಮಂಕಾಯಿತು. ಇಂಟೀರಿಯರ್‌ನವರು ಹಳೆಯದು ಹೊಸದು ಬೆರೆಸಿ ಮಾಡಿಕೊಡುತ್ತೇವೆ ಅಂತ 9 ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ. ಮಾಡಿಸಲಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಆ ದುಡ್ಡು ಈಗ ಖರ್ಚು ಮಾಡಬೇಡಿ. ಇಪ್ಪತ್ತಮೂರು ಪಾತ್ರೆಗೆ ಇಪ್ಪತ್ತಮೂರು ಗೂಡು ಮಾಡಿಸಿ ಒಂದೊಂದಕ್ಕೂ ಲೈಟು ಬಿಟ್ಟರೆ ಹಾಲ್ ಹೋಗಿ ಪಾತ್ರೆ ಅಂಗಡಿಯಾಗುತ್ತದೆ. ಧೂಳು ಕೂರುವುದಕ್ಕೂ ಇಪ್ಪತ್ತಮೂರು ಜಾಗ ಆಯಿತು.

ನಿಮ್ಮ ಪತ್ರ ಎರಡು ಸಲ ಓದಿದೆ. ಬಿಳಿ ಗೋಡೆಯ ಬಗ್ಗೆ ಮೂರು ಸಾಲು ಬರೆದಿದ್ದೀರಿ, ಶನಿವಾರದ ಬಗ್ಗೆ ಒಂದೇ ಸಾಲು. ನನಗೇನೋ ಜಗಳ ಇರುವುದು ಆ ಒಂದು ಸಾಲಿನಲ್ಲಿ ಅನ್ನಿಸಿತು. ಅವರಿಗೆ ಹಿತ್ತಾಳೆ ಅಂದರೆ ಅಜ್ಜಿ. ನಿಮಗೆ ಹಿತ್ತಾಳೆ ಅಂದರೆ ಹುಣಸೆಹಣ್ಣು, ಒದ್ದೆ ಬಟ್ಟೆ, ಸೊಂಟನೋವು. ಇದಕ್ಕೆ ಅಭಿರುಚಿ ಅಂತ ಹೆಸರಿಟ್ಟು ಯಾಕೆ ಒದ್ದಾಡುತ್ತೀರಿ? ನಾಲ್ಕು ಶನಿವಾರ ತಿಕ್ಕುವ ಕೆಲಸ ಅವರದೇ ಅಂತ ಮಾಡಿ. ಕೋಪದಿಂದ ಬೇಡ, ಸುಮ್ನೆ "ನಿಮ್ಮ ಅಜ್ಜಿಯ ಕೊಡ, ನಿಮ್ಮ ಕೈಯಲ್ಲೇ ಹೊಳೀಲಿ" ಅಂತ ಹುಣಸೆಹಣ್ಣು ನೆನೆಸಿಟ್ಟುಬಿಡಿ. ಐದನೆಯ ಶನಿವಾರ ಎಷ್ಟು ಪಾತ್ರೆ ಹೊರಗಿರಬೇಕು ಅಂತ ಕೇಳಿ. ಅಂಗಡಿಯಲ್ಲಿ ಬಿಳಿ ಸೋಫಾ ಕವರೇ ಬೇಕು ಅಂತ ಪಟ್ಟು ಹಿಡಿದ ಗಂಡಸರಿಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಒಗೆಯುವವರು ಯಾರು ಸರ್?" ಅರ್ಧ ಜನ ಅಲ್ಲೇ ಬೂದು ಬಣ್ಣಕ್ಕೆ ಇಳಿಯುತ್ತಿದ್ದರು.

ಇನ್ನೊಂದು ಕೆಲಸ ಮಾಡಿ. ಒಂದು ಸಂಜೆ ನಿಮ್ಮವರನ್ನು ಕೂರಿಸಿಕೊಂಡು ಊರಿನ ಮನೆಯ ಪಡಸಾಲೆಯನ್ನು ಒಂದು ಹಾಳೆಯ ಮೇಲೆ ಬರೆಸಿ. ಬೆಂಚು ಎಲ್ಲಿತ್ತು, ಗಡಿಯಾರ ಎಲ್ಲಿತ್ತು, ಕೊಡಗಳು ಎಲ್ಲಿರುತ್ತಿದ್ದವು. ಆ ಕಡೆಯ ಹಳೆಯ ಮನೆಗಳಿಗೆ ನಾನು ಹೋಗಿದ್ದೇನೆ. ಪಡಸಾಲೆಯಲ್ಲಿ ಇರುತ್ತಿದ್ದದ್ದು ತೀರಾ ಕಡಿಮೆ. ಒಂದು ಬೆಂಚೋ ಮಂಚವೋ, ಗೋಡೆಯ ಗೂಡಿನಲ್ಲಿ ದೀಪ, ಮೇಲೆ ಸಾಲಾಗಿ ಫೋಟೋ. ಜಮಖಾನೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿರುತ್ತಿದ್ದರು, ಬೀಗರು ಬಂದಾಗ ಬಿಚ್ಚಿ ಹಾಸುತ್ತಿದ್ದರು. ಕೌದಿ ಮಡಚಿ ಒಳಕೋಣೆಯಲ್ಲಿ. ಚರಿಗೆ ಅಡುಗೆಮನೆಯಲ್ಲಿ, ಕೊಡ ಬಚ್ಚಲಲ್ಲಿ, ಹಬ್ಬಕ್ಕೆ ಮಾತ್ರ ಬೇಕಾದ ದೊಡ್ಡ ಪಾತ್ರೆಗಳು ಅಟ್ಟದ ಮೇಲೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಕಣ್ಣೆದುರಿಗೆ ಇಟ್ಟದ್ದು ಅಜ್ಜಿಯಲ್ಲ, ಟೆಂಪೋ. ಅಜ್ಜಿಯ ಪಡಸಾಲೆ ನೀವು ಕೇಳುತ್ತಿರುವಷ್ಟೇ ಖಾಲಿಯಾಗಿತ್ತು ಅಂತ ಆ ಹಾಳೆ ನೋಡಿದರೆ ನಿಮ್ಮವರಿಗೇ ಗೊತ್ತಾಗುತ್ತದೆ. ನೀವು ಬಾಯಿಬಿಡುವುದೇ ಬೇಡ.

ಈಗ ಒಂದೊಂದಾಗಿ.

ಬೆಂಚು ಹಾಲ್‌ನಲ್ಲಿರಲಿ. ಅದಕ್ಕೆ ಬೇಕಾಗಿರುವುದು ನಿಮ್ಮ ಖಾಲಿ ಗೋಡೆಯೇ. ತೇಗದಂಥ ಭಾರದ ಮರದ ಹಿಂದೆ ವಾಲ್‌ಪೇಪರ್, ಮೇಲೆ ಹತ್ತು ಫೋಟೋ, ಪಕ್ಕದಲ್ಲಿ ಕೊಡ ಇಟ್ಟರೆ ಮರ ಕಾಣುವುದೇ ಇಲ್ಲ. ಖಾಲಿ ಗೋಡೆಗೆ ಒರಗಿಸಿ, ಒಂದು ಬಿಳಿ ಖಾದಿ ಹಾಸಿ, ಅಲ್ಲಿಗೇ ಬಿಟ್ಟುಬಿಡಿ. ಬಣ್ಣ ಬಳಿಸಬೇಡಿ, ಹಳೆಯ ಪಾಲಿಶ್ ತೆಗೆಸಿ ಹೊಸ ಪಾಲಿಶ್ ಹಾಕಿಸಿ ಸಾಕು. ನಮ್ಮ ಮನೆಗೂ ಹೀಗೇ ಸಾಗರದ ಕಡೆಯಿಂದ ಭತ್ತ ತುಂಬುವ ಮರದ ಪೆಟ್ಟಿಗೆಯೊಂದು ಬಂತು, ನಾಲ್ಕೂವರೆ ಅಡಿ ಉದ್ದದ್ದು. ಅತ್ತೆಯ ಮನೆಯದ್ದು. ಹನ್ನೊಂದು ವರ್ಷ ಕಾಲು ಎಡವಿಸಿಕೊಂಡು ಅದನ್ನು ಬೈದಿದ್ದೇನೆ. ಕೊನೆಗೊಂದು ದಿನ ಅಳತೆ ಹಿಡಿದು ನೋಡಿದರೆ ಕಿಟಕಿಯ ಕೆಳಗೆ ಸರಿಯಾಗಿ ಕೂರುತ್ತಿತ್ತು! ಪರದೆ ಅಂಗಡಿಯವಳಿಗೆ ತನ್ನ ಮನೆಯ ಕಿಟಕಿ ಅಳೆಯಲು ಹನ್ನೊಂದು ವರ್ಷ ಬೇಕಾಯಿತು ಅಂತ ನಮ್ಮವರು ಈಗಲೂ ಆಡಿಕೊಳ್ಳುತ್ತಾರೆ. ಈಗ ಮಧ್ಯಾಹ್ನ ಪೇಪರ್ ಓದುವುದು ಅದರ ಮೇಲೆ ಕೂತೇ.

ಹದಿನಾಲ್ಕು ಫೋಟೋವನ್ನು ಹಾಲ್‌ನಿಂದ ಬೆಡ್‌ರೂಮಿಗೆ ಹೋಗುವ ಓಣಿಯ ಗೋಡೆಗೆ ಹಾಕಿ. ನಡೆಯುತ್ತಾ ನೋಡುವಂಥವು ಅವು. ಎಲ್ಲಕ್ಕೂ ಒಂದೇ ಥರದ ತೆಳು ಕಪ್ಪು ಕಟ್ಟು ಹಾಕಿಸಿದರೆ ನಿಮ್ಮ ಕಣ್ಣಿಗೂ ಗಜಿಬಿಜಿ ಅನ್ನಿಸುವುದಿಲ್ಲ. ಫೋಟೋದ ನಡುಭಾಗ ನೆಲದಿಂದ ಸುಮಾರು 4 ಅಡಿ 10 ಇಂಚು ಎತ್ತರಕ್ಕೆ ಬರಲಿ. ನಮ್ಮಲ್ಲಿ ಎಲ್ಲರೂ ಫೋಟೋವನ್ನು ಬಾಗಿಲಿಗಿಂತ ಮೇಲೆ ತೂಗುಹಾಕಿ ಕತ್ತು ನೋಯಿಸಿಕೊಳ್ಳುತ್ತೇವೆ. ಡ್ರಿಲ್ ಹಿಡಿಯುವ ಮುಂಚೆ ಹಳೆಯ ಪೇಪರನ್ನು ಫೋಟೋದ ಅಳತೆಗೆ ಕತ್ತರಿಸಿ ಗೋಡೆಗೆ ಟೇಪ್ ಹಚ್ಚಿ, ಎರಡು ದಿನ ಹಾಗೇ ಬಿಟ್ಟು ನೋಡಿ. ಇನ್ನೊಂದು ಮಾತು, ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ. ಚಿತ್ರ ಗಾಜಿನ ಜೊತೆಯೇ ಎದ್ದು ಬರುತ್ತದೆ. ಗಾಜಿನ ಮೇಲಿಂದಲೇ ಅದರ ಫೋಟೋ ತೆಗೆಸಿ ಹೊಸ ಪ್ರಿಂಟ್ ಹಾಕಿಸಿಕೊಳ್ಳಿ.

ಗಡಿಯಾರದ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ಆದರೆ ಫ್ಲ್ಯಾಟ್‌ನಲ್ಲಿ ರಾತ್ರಿ ಹನ್ನೆರಡು ಗಂಟೆ ಹೊಡೆದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಅಂಥ ಗಡಿಯಾರದ ಮುಖದ ಮೇಲೆ ಕೀಲಿ ಕೊಡುವ ತೂತು ಎರಡಿರುತ್ತವೆ. ಸಾಮಾನ್ಯವಾಗಿ ಬಲಗಡೆಯದು ಗಡಿಯಾರ ನಡೆಸಲು, ಎಡಗಡೆಯದು ಗಂಟೆ ಹೊಡೆಸಲು. ಎಡಗಡೆಯದಕ್ಕೆ ಕೀಲಿ ಕೊಡದೆ ಬಿಟ್ಟರೆ ಗಡಿಯಾರ ನಡೆಯುತ್ತದೆ, ಬಾಯಿ ಮಾತ್ರ ಮುಚ್ಚಿಕೊಂಡಿರುತ್ತದೆ. ಹಬ್ಬದ ದಿನ ಕೀಲಿ ಕೊಡಿ, ಮನೆಯವರು ಖುಷಿಪಡಲಿ.

ಕೌದಿ ಗೋಡೆಗೆ ಬೇಕಾದರೆ ಹಾಕಬಹುದು, ಆದರೆ ಮೊಳೆ ಹೊಡೆಯಬೇಡಿ. ಅಜ್ಜಿಯ ಹಳೆಯ ಸೀರೆಗಳೇ ಪದರಪದರವಾಗಿ ಅದರಲ್ಲಿರುತ್ತವೆ, ಭಾರಕ್ಕೆ ಮೊಳೆಯ ಹತ್ತಿರ ಹರಿಯುತ್ತವೆ. ಹಿಂಭಾಗದ ಮೇಲಂಚಿಗೆ ಹತ್ತಿ ಬಟ್ಟೆಯ ಉದ್ದನೆಯ ತೋಳು ಹೊಲಿಸಿ, ಅದರೊಳಗೆ ಪರದೆಯ ಕೋಲು ತೂರಿಸಿ. ಬಿಸಿಲು ನೇರ ಬೀಳದ ಗೋಡೆ ಇರಲಿ. ನನ್ನನ್ನು ಕೇಳಿದರೆ ಒಂದನ್ನು ನಿಮ್ಮ ಮಂಚದ ಕಾಲ್ದೆಸೆಗೆ ಮಡಚಿಟ್ಟು ಚಳಿಗೆ ಹೊದೆಯಿರಿ. ಹೊದೆಯಲಿ ಅಂತಲೇ ಅಲ್ವಾ ಹೊಲಿದದ್ದು? ಜಮಖಾನೆಯೂ ಅಷ್ಟೇ, ಅಜ್ಜಿಯ ಮನೆಯ ರೂಢಿಯಂತೆ ಜನ ಬಂದಾಗ ಹಾಸಿ. ನವಲಗುಂದದಲ್ಲಿ ಅದನ್ನು ನೇಯುವವರು ಹೆಂಗಸರು. ಗಿಳಿ, ನವಿಲು, ಪಗಡೆಯ ಹಾಸು, ಇವೇ ಅದರ ವಿನ್ಯಾಸಗಳು. ಬಣ್ಣ ಗಾಢವಾಗಿರುತ್ತದೆ. ಬಿಳಿ ಗೋಡೆ, ಖಾಲಿ ನೆಲದ ನಡುವೆ ಅದೊಂದೇ ಬಿದ್ದಿದ್ದರೆ ಬೇರೆ ಅಲಂಕಾರ ಏನೂ ಬೇಡ.

ಬಿದ್ರಿಗೆ ನೀವು ಮಾಡಿದ್ದು ತಪ್ಪು, ಆದರೆ ಎಲ್ಲರೂ ಮಾಡುವ ತಪ್ಪು. ಅದು ಹಿತ್ತಾಳೆಯಲ್ಲ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಆ ಕಪ್ಪು ಬೀದರ್ ಕೋಟೆಯ ಮಣ್ಣಿನಿಂದ ಬಂದ ಕಪ್ಪು. ಪುಡಿ, ಹುಣಸೆಹಣ್ಣು ಎರಡೂ ಅದನ್ನು ಕಿತ್ತುಹಾಕುತ್ತವೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಕಪ್ಪು ಸ್ವಲ್ಪ ಸ್ವಲ್ಪ ಮರಳುತ್ತದೆ. ಎರಡನ್ನೂ ಹೊರಗಿಡಿ. ಕಪ್ಪು ಬಿಳುಪಿನ ವಸ್ತು ನಿಮ್ಮ ಬಿಳಿ ಮನೆಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ.

ಹಿತ್ತಾಳೆಯಲ್ಲಿ ದೊಡ್ಡ ಮೂರು ಆರಿಸಿ, ಮೂರೂ ಒಂದೇ ಮೂಲೆಯಲ್ಲಿ ಇರಲಿ. ಉಳಿದವು ಲಾಫ್ಟ್‌ಗೆ. ದೀಪಾವಳಿಗೆ ಇಳಿಸಿ.

ಬಣ್ಣದ ವಿಷಯ. ಬಿಳಿಯೇ ಇರಲಿ, ಆದರೆ ಆಸ್ಪತ್ರೆಯ ಬಿಳಿ ಬೇಡ. ಸ್ವಲ್ಪ ಹಳದಿ ಬೆರೆತ ಬಿಳಿ ತೆಗೆದುಕೊಳ್ಳಿ, ಕೆನೆ ಬಣ್ಣ ಅನ್ನುತ್ತೇವಲ್ಲ ಅದರ ಹತ್ತಿರದ್ದು. ಡಬ್ಬಿ ಡಬ್ಬಿ ತರುವ ಮುಂಚೆ ಗೋಡೆಯ ಮೇಲೆ ಎರಡಡಿ ಚೌಕ ಬಳಿದು ಬೆಳಿಗ್ಗೆ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಬಲ್ಬ್ ಡಬ್ಬಿಯ ಮೇಲೆ 6500 ಕೆ ಅಂತಿದ್ದರೆ ಅದು ನೀಲಿ ಬೆಳಕು, ಅದರಡಿ ತೇಗವೂ ಬೂದಿ ಬಡಿದಂತೆ ಕಾಣುತ್ತದೆ. 2700 ಅಥವಾ 3000 ಕೆ ತನ್ನಿ. ಮರ ಕೆಂಪಗೆ ಕಾಣುತ್ತದೆ, ಹಿತ್ತಾಳೆ ತಿಕ್ಕದಿದ್ದರೂ ಹೊಳೆಯುತ್ತದೆ. ಆ 9 ಲಕ್ಷದ ಅರ್ಧ ಕೆಲಸ ನಾಲ್ಕು ಬಲ್ಬ್ ಮಾಡುತ್ತವೆ, ನೋಡಿ ಬೇಕಾದರೆ.

ಒಂದು ಮಾತು ಕೇಳಿ ಮುಗಿಸುತ್ತೇನೆ. ಅವರ ಸಾಮಾನಿನ ಪಟ್ಟಿ ಇಷ್ಟುದ್ದ ಬರೆದಿದ್ದೀರಿ. ನಿಮ್ಮ ತವರಿನದು ಒಂದೂ ಇಲ್ಲವಲ್ಲ? ಮಂಗಳೂರಿನ ಮನೆಯಲ್ಲಿ ಒಂದು ಚೆನ್ನೆಮಣೆ, ಅದೇ ಅಳಗುಳಿಮಣೆ, ಸಿಗಲಿಲ್ಲವೇ? ಮುಂದಿನ ಸಲ ಹೋದಾಗ ಒಂದನ್ನು ತನ್ನಿ. ಆ ಬೆಂಚಿನ ಮೇಲೆ ಇಡಿ.

ಪ್ರಶ್ನೆ: ನನಗೆ 64 ವರ್ಷ. 1994ರಲ್ಲಿ ಮನೆ ಕಟ್ಟಿಸಿದಾಗ ನಮ್ಮ ಯಜಮಾನರು ಆಚಾರಿಯನ್ನು ಕೂರಿಸಿಕೊಂಡು ಹಾಲ್‌ಗೆ ಗಾಜಿನ ಶೋಕೇಸ್ ಮಾಡಿಸಿದರು. ಗೋಡೆ ಪೂರ್ತಿ ಇದೆ. ಅವರು ಈಗಿಲ್ಲ. ಶೋಕೇಸ್‌ನಲ್ಲಿ ಚನ್ನಪಟ್ಟಣದ ಗೊಂಬೆ, ಗಾಜಿನ ಲೋಟದ ಸೆಟ್, ಮಗನ ಸ್ಕೂಲಿನ ಕಪ್‌ಗಳು, ಹೂವಿನ ಕುಂಡ ಇವೆ. ಸೊಸೆಗೆ ಅದು ಹಳೆಯ ಕಾಲದ್ದು ಅನ್ನಿಸುತ್ತದೆ. ಒಡೆಸಿ ಟಿ.ವಿ. ಯೂನಿಟ್ ಮಾಡಿಸೋಣ ಅಂತಾಳೆ. ಒಳ್ಳೆಯ ಹುಡುಗಿ, ಎದುರು ಮಾತಾಡುವುದಿಲ್ಲ. ಆದರೆ ಅತಿಥಿ ಬಂದಾಗ ಅದಕ್ಕೆ ಬೆನ್ನು ಹಾಕಿ ಕೂರುತ್ತಾಳೆ. ನಾನು ಏನು ಮಾಡಲಿ?
— ಒಬ್ಬ ಅತ್ತೆ, ತುಮಕೂರು

ಉತ್ತರ: ನಾನೂ ಅತ್ತೆಯೇ. ಹಾಗಾಗಿ ನಿಮ್ಮ ಪಕ್ಷ ವಹಿಸಬೇಕು ಅಂತ ಕೂತೆ, ಪೂರ್ತಿ ಆಗಲಿಲ್ಲ.

ಶೋಕೇಸ್ ಬೇರೆ, ಅದರೊಳಗಿನದು ಬೇರೆ. ಶೋಕೇಸ್ ನಿಮ್ಮ ಯಜಮಾನರು ಮುಂದೆ ನಿಂತು ಮಾಡಿಸಿದ್ದು. ಅದನ್ನು ಒಡೆಸಬೇಡಿ. ಗಟ್ಟಿ ಮರದ ಚೌಕಟ್ಟಾಗಿದ್ದರೆ ಅಂಥದ್ದು ಈಗ ಮಾಡಿಸಲು ಹೋದರೆ ಸೊಸೆಗೇ ತಲೆ ತಿರುಗುತ್ತದೆ. ಆದರೆ ಗಾಜಿನ ಹಿಂದೆ ಏನೇನಿದೆ ಅಂತ ನೀವೇ ಒಂದು ಸಲ ಹೊರಗಿನವರಂತೆ ನೋಡಿ. ಆ ಗಾಜಿನ ಲೋಟದಲ್ಲಿ ಕೊನೆಯ ಸಲ ಯಾರಿಗೆ ಪಾನಕ ಕೊಟ್ಟಿರಿ? ಹೂವು ಪ್ಲಾಸ್ಟಿಕ್ಕಿನದಾಗಿದ್ದರೆ ಇವತ್ತೇ ಎಸೆಯಿರಿ. ಇದರಲ್ಲಿ ನಾನು ಸೊಸೆಯ ಕಡೆ. ಕಪ್‌ಗಳ ವಿಷಯ ಗೆದ್ದವನನ್ನು ಕೇಳಿ. ನಮ್ಮ ಮಗನನ್ನು ಕೇಳಿದಾಗ ಅರ್ಧಕ್ಕರ್ಧ ತನ್ನವಲ್ಲ, ಪಕ್ಕದ ಮನೆಯವನು ಇಟ್ಟು ಹೋದದ್ದು ಅಂದ. ಇಪ್ಪತ್ತು ವರ್ಷ ಅವನ್ನು ಒರೆಸಿದ್ದೆ ನಾನು!

ಒಳಗೆ ಗೊಂಬೆಗಳನ್ನಷ್ಟೇ ಇಡಿ. ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು. ಮರ ಕಡಸಲು ಯಂತ್ರದ ಮೇಲೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹಾಗಾಗಿ ಒದ್ದೆ ಬಟ್ಟೆ ಬೇಡ, ಬಿಸಿಲು ಬೀಳುವ ಜಾಗ ಬೇಡ. ಒಣ ಬಟ್ಟೆ ಸಾಕು. ಶೋಕೇಸ್‌ನ ಹಿಂಭಾಗಕ್ಕೆ ಕನ್ನಡಿಯೋ ಸನ್‌ಮೈಕಾವೋ ಇದ್ದರೆ ತೆಗೆಸಿ, ಕಡು ಹಸಿರೋ ಬೇರೊಂದು ಗಾಢ ಬಣ್ಣವೋ ಬಳಿಸಿ. ಹಳದಿ, ಕೆಂಪು ಗೊಂಬೆಗಳು ಹೊಳೆದು ಕಾಣುತ್ತವೆ. ಬಣ್ಣ ಯಾವುದು ಅಂತ ಸೊಸೆ ಹೇಳಲಿ, ನೀವು ಹೂಂ ಅನ್ನಿ. ನಡುವಿನ ಎರಡು ಖಾನೆ ತೆಗೆಸಿದರೆ ಟಿ.ವಿ. ಅಲ್ಲೇ ಕೂರಬಹುದು. ಮುಂಚೆ ಟಿ.ವಿ.ಯ ಅಗಲ ಅಳೆಯಿರಿ. 43 ಇಂಚಿನ ಟಿ.ವಿ. ಅಂದರೆ ಮೂಲೆಯಿಂದ ಮೂಲೆಗೆ 43, ಅಗಲ ಸುಮಾರು 38 ಇಂಚು. ಇದು ಗೊತ್ತಿಲ್ಲದೆ ಆಚಾರಿಯ ಹತ್ತಿರ ಎರಡು ಸಲ ಗರಗಸ ಹಿಡಿಸಿದವರನ್ನು ಕಂಡಿದ್ದೇನೆ.

ಇನ್ನು ನಿಮ್ಮ ರೂಮು. ಅದು ನಿಮ್ಮದೇ. ಅಲ್ಲಿ ಏನಿಟ್ಟರೂ ಯಾರೂ ಕೇಳಬಾರದು, ಲೋಟದ ಸೆಟ್ ಆದರೂ ಸರಿ. ಹಾಗೆಯೇ ಅವರ ರೂಮಿನ ಪರದೆಯ ಬಗ್ಗೆ ನೀವೂ ಮಾತಾಡುವಂತಿಲ್ಲ. ಬರೆದಿಲ್ಲ ನೀವು, ಆದರೆ ಮಾತಾಡಿರುತ್ತೀರಿ. ನಾನು ಆಡಿದ್ದೇನೆ.

ಪ್ರಶ್ನೆ: ಅಕ್ಕ, ನಾವಿಬ್ಬರು ಗೆಳತಿಯರು ವಿಜಯನಗರದಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೇವೆ. ನನಗೆ ಗಾಢ ಬಣ್ಣ, ಪೋಸ್ಟರ್, ಸೀರಿಯಲ್ ಲೈಟ್ ಇಷ್ಟ. ಅವಳು ಕೈಮಗ್ಗ, ಮಣ್ಣಿನ ಕುಂಡ, ಹಳ್ಳಿ ಮನೆ ಥರ ಅಂತಾಳೆ. ಓನರ್ ಮೊಳೆ ಹೊಡೆಯಬೇಡಿ ಅಂದಿದ್ದಾರೆ. ಸೋಫಾ ಅರ್ಧರ್ಧ ದುಡ್ಡು ಹಾಕಿ ತರೋಣ ಅಂತಿದ್ದೇವೆ. ಯಾವುದು ತರಲಿ?
— ಇಬ್ಬರ ಪರವಾಗಿ ಒಬ್ಬಳು, ಬೆಂಗಳೂರು

ಉತ್ತರ: ಸೋಫಾ ತರಬೇಡಿ. ಅರ್ಧರ್ಧ ದುಡ್ಡು ಹಾಕಿದ ಸೋಫಾವನ್ನು ಮನೆ ಬಿಡುವಾಗ ಏನು ಮಾಡುತ್ತೀರಿ, ಗರಗಸ ಹಾಕುತ್ತೀರಾ? ಒಬ್ಬಳು ಸೋಫಾ ಕೊಳ್ಳಲಿ, ಇನ್ನೊಬ್ಬಳು ಊಟದ ಮೇಜೋ ಫ್ರಿಜ್ಜೋ ಕೊಳ್ಳಲಿ. ಯಾವುದು ಯಾರದು ಅಂತ ಇವತ್ತೇ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಗೆಳೆತನ ಚೆನ್ನಾಗಿರುವಾಗಲೇ ಬರೆಯಬೇಕು ಅದನ್ನು.

ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿಯುವ ರೂಢಿ ಇದೆಯಲ್ಲ, ಅಗ್ರಿಮೆಂಟ್ ತೆಗೆದು ನೋಡಿ. ಇದ್ದರೆ ಓನರ್‌ಗೆ ಸಮಾಧಾನವಾಗಿ ಹೇಳಿ: "ಹೇಗೂ ನೀವು ಬಳಿಸುತ್ತೀರಿ, ನಾವು ಒಂದು ಗೋಡೆಗೆ ನಮ್ಮ ಬಣ್ಣ ಬಳಿದುಕೊಳ್ಳುತ್ತೇವೆ." ಬಹಳ ಜನ ಒಪ್ಪುತ್ತಾರೆ. ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅಂಟಿಸುವ ಹುಕ್ ನಂಬಬೇಡಿ. ಡಿಸ್ಟೆಂಪರ್ ಗೋಡೆಯಿಂದ ಅದು ಬಣ್ಣದ ಚಕ್ಕೆ ಸಮೇತ ಕಿತ್ತು ಬರುತ್ತದೆ. ದೊಡ್ಡ ಪೋಸ್ಟರನ್ನು ಕಟ್ಟು ಹಾಕಿಸಿ ನೆಲದ ಮೇಲೋ ಕಪಾಟಿನ ಮೇಲೋ ಗೋಡೆಗೆ ಒರಗಿಸಿ ಇಟ್ಟರೆ ಮೊಳೆಯೇ ಬೇಡ.

ಈಗ ನಿಮ್ಮಿಬ್ಬರನ್ನೂ ಒಂದು ಬಟ್ಟೆಯಲ್ಲಿ ಸೇರಿಸುತ್ತೇನೆ. ಗುಳೇದಗುಡ್ಡದ ಖಣ. ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿ ಕುಪ್ಪಸಕ್ಕೆ ಅಂತ ನೇಯುವ ಬಟ್ಟೆ. ಕೈಮಗ್ಗದ್ದು, ಹಾಗಾಗಿ ನಿಮ್ಮ ಗೆಳತಿಗೆ ಆಯಿತು. ಕಪ್ಪು, ಕಡುಗೆಂಪು, ನವಿಲುಗರಿಯ ನೀಲಿ, ಬೆಳಕು ಬಿದ್ದರೆ ಮಿಂಚುತ್ತದೆ, ಹಾಗಾಗಿ ನಿಮಗೂ ಆಯಿತು. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ಪರದೆಗೆ ಸಾಲುವುದಿಲ್ಲ, ಅದಕ್ಕೆ ಹಾಕಲೂ ಬೇಡಿ. ದಿಂಬಿನ ಕವರ್ ಹೊಲಿಸಿ. 16 ಇಂಚಿನವು ಆರು. ಮೂರರ ಬಣ್ಣ ನೀವು ಆರಿಸಿ, ಮೂರು ಅವಳು. ನೇಯ್ಗೆ ಒಂದೇ ಇರುವುದರಿಂದ ಬಣ್ಣ ಆರಾದರೂ ಒಂದೇ ಮನೆಯವು ಅನ್ನಿಸುತ್ತವೆ. ಒಳಗೆ ಲೈನಿಂಗ್ ಹಾಕಿಸಿ, ಇಲ್ಲದಿದ್ದರೆ ಹೊಲಿಗೆಯ ಹತ್ತಿರ ಎಳೆ ಸರಿಯುತ್ತದೆ. ಮೊದಲ ಎರಡು ಸಲ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡಬಹುದು.

ಸೀರಿಯಲ್ ಲೈಟ್ ನಿಮ್ಮ ರೂಮಿನಲ್ಲಿ ಇರಲಿ. ಮಣ್ಣಿನ ಕುಂಡ ಬಾಲ್ಕನಿಯಲ್ಲಿ.

ಪ್ರಶ್ನೆ: ಹಾಲ್‌ಗೆ ಮರದ ಉಯ್ಯಾಲೆ ಹಾಕಬೇಕು ಅಂತ ನನ್ನ ಬಹಳ ವರ್ಷದ ಆಸೆ. ನನ್ನವರಿಗೆ ಒಂದು ಚೂರೂ ಇಷ್ಟವಿಲ್ಲ. ನಮ್ಮದು ಏಳನೆಯ ಮಹಡಿಯ ಫ್ಲ್ಯಾಟ್. ಅವರನ್ನು ಒಪ್ಪಿಸುವುದು ಹೇಗೆ?
— ಓದುಗಿ, ಹುಬ್ಬಳ್ಳಿ

ಉತ್ತರ: ಅವರನ್ನು ಆಮೇಲೆ ಒಪ್ಪಿಸೋಣ, ಮೊದಲು ಸ್ಲ್ಯಾಬನ್ನು ಒಪ್ಪಿಸಿ. ಫಾಲ್ಸ್ ಸೀಲಿಂಗ್‌ನಲ್ಲಿ ಉಯ್ಯಾಲೆಯ ಕೊಕ್ಕೆ ನಿಲ್ಲುವುದಿಲ್ಲ. ಇಬ್ಬರು ಕೂತು ತೂಗಿದರೆ ಬೀಳುವ ಭಾರ ಅವರಿಬ್ಬರ ತೂಕಕ್ಕಿಂತ ಜಾಸ್ತಿ. ಕೊಕ್ಕೆ ಬೀಮಿಗೆ ಹೋಗಬೇಕು, ಹಾಕುವ ಮುಂಚೆ ಕಟ್ಟಡದ ಎಂಜಿನಿಯರ್ ನೋಡಬೇಕು. ಕೆಲವು ಹೊಸ ಅಪಾರ್ಟ್‌ಮೆಂಟ್‌ಗಳ ಸ್ಲ್ಯಾಬಿನೊಳಗೆ ಬಿಗಿಯಾಗಿ ಎಳೆದ ಉಕ್ಕಿನ ಕೇಬಲ್ ಇರುತ್ತದೆ. ಅಂಥ ಕಡೆ ಕೇಳದೆ ಡ್ರಿಲ್ ಹಿಡಿಯಲೇಬಾರದು. ಹಿಂದೆ ಮುಂದೆ ಮೂರು ಮೂರು ಅಡಿ ಜಾಗವೂ ಬೇಕು. ಇಷ್ಟೆಲ್ಲ ಆಗದಿದ್ದರೆ ಸ್ಟ್ಯಾಂಡ್ ಇರುವ ಉಯ್ಯಾಲೆ ತನ್ನಿ, ಬಾಲ್ಕನಿಯಲ್ಲಿ ಇಡಿ. ಯಜಮಾನರು ಒಂದು ತಿಂಗಳು ಮುಖ ಊದಿಸಿಕೊಂಡಿರುತ್ತಾರೆ. ಎರಡನೆಯ ತಿಂಗಳು ನಿಮಗೆ ಕೂರಲು ಜಾಗ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಾವನವರ ಮನೆಯಿಂದ ಜಿಂಕೆಯ ಕೊಂಬು ಬಂದಿದೆ, ಮರದ ಹಲಗೆಗೆ ಕೂರಿಸಿದ್ದು. ಬಾಗಿಲಿನ ಮೇಲೆ ಹಾಕೋಣ ಅಂತ ನಮ್ಮವರು. ಮಲೆನಾಡಿನ ಮನೆಯ ಕಳೆ ಬರುತ್ತದೆ ಅಂತಾರೆ. ನನಗೆ ಅದರ ಕಣ್ಣಿಲ್ಲದ ಮುಖ ನೋಡಿದರೆ ಹೆದರಿಕೆ. ಇಬ್ಬರಿಗೂ ಆಗುವ ಜಾಗ ಯಾವುದು?
— ಗೃಹಿಣಿ, ಶಿವಮೊಗ್ಗ

ಉತ್ತರ: ಯಾವ ಜಾಗವೂ ಇಲ್ಲ. ಇದು ರುಚಿಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. "ಅಜ್ಜನ ಕಾಲದ್ದು" ಅಂದರೆ ಯಾರೂ ಕೇಳುವುದಿಲ್ಲ. ಮಾವನವರ ಹೆಸರಿನಲ್ಲಿ ಕಾಗದ ಇದೆಯೇ ಅಂತ ಮೊದಲು ಹುಡುಕಿಸಿ. ಇರಲಿ, ಇಲ್ಲದಿರಲಿ, ಒಬ್ಬ ವಕೀಲರನ್ನು ಕೇಳಿ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ. ಮಾರಲು, ಬೇರೆಯವರಿಗೆ ಕೊಡಲು ಹೋಗಬೇಡಿ, ಅದೂ ತಪ್ಪೇ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿನಲ್ಲಂತೂ ಹಾಕಬೇಡಿ.

ಬಾಗಿಲಿನ ಮೇಲೆ ಮಲೆನಾಡಿನ ಕಳೆಯೇ ಬೇಕಾದರೆ ಹಸೆ ಚಿತ್ತಾರ ಬರೆಸಿ. ನಿಮ್ಮ ಜಿಲ್ಲೆಯದೇ ಕಲೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುತ್ತಾರೆ. ಅದಕ್ಕೆ ಪ್ರಮಾಣಪತ್ರ ಬೇಡ.